ಬಪ್ಪ ಬ್ಯಾರಿಯ ಪಾಲು

ಮಂಗಳೂರಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಲ್ಲಿ ಕೂತ್ರೆ ಹಳೆಯಂಗಡಿ, ಪಡುಪಣಂಬೂರು ದಾಟಿದ ಮೇಲೆ ಮೂಲ್ಕಿ ಬರ್ತದೆ. ಪೇಟೆ ಬಿಟ್ಟು ಸ್ವಲ್ಪ ಮುಂದೆ ಹೋದ್ರೆ ಹೆದ್ದಾರಿ ಪಕ್ಕದಲ್ಲೇ ದೇವಸ್ಥಾನ, ಅದರಾಚೆ ಶಾಂಭವಿ ಹೊಳೆಯ ಸೇತುವೆ, ಸೇತುವೆ ದಾಟಿದ್ರೆ ಹೆಜಮಾಡಿ, ಅಂದ್ರೆ ಉಡುಪಿ ಜಿಲ್ಲೆ. ದೇವಸ್ಥಾನದ ಹತ್ರ ಬರುವಾಗ ಕಂಡಕ್ಟರ್ "ಬಪ್ಪನಾಡು, ಬಪ್ಪನಾಡು" ಅಂತ ಕೂಗ್ತಾನೆ, ಇಳಿಯುವವರು ಇಳೀತಾರೆ, ಇಳಿಯದವರು ಕೂತಲ್ಲೇ ಕಿಟಕಿ ಕಡೆ ತಿರುಗಿ ಕೈ ಮುಗೀತಾರೆ. ಸಣ್ಣವಳಿದ್ದಾಗಿಂದ ನೋಡಿದ ದೃಶ್ಯ ಇದು. ಆದ್ರೆ ಅದರಲ್ಲಿ ಎಂತ ಉಂಟು ಅಂತ ಗೊತ್ತಾದದ್ದು ತುಂಬ ತಡವಾಗಿ. ಕೈ ಮುಗಿಯುದು ದುರ್ಗಾಪರಮೇಶ್ವರಿಗೆ, ಬಾಯಲ್ಲಿ ಬರುದು ಒಬ್ಬ ಬ್ಯಾರಿಯ, ಅಂದ್ರೆ ನಮ್ಮ ಕರಾವಳಿಯ ಮುಸಲ್ಮಾನನ ಹೆಸರು.

ಬಪ್ಪ ಬ್ಯಾರಿಯ ನಾಡು, ಬಪ್ಪನಾಡು. ಅಷ್ಟೇ. ಆ ಕ್ಷೇತ್ರದ ಹೆಸರಿಗೆ ಬೇರೆ ಅರ್ಥ ಹುಡುಕುವ ಕೆಲಸವೇ ಇಲ್ಲ.

ಕತೆ ನಮ್ಮ ಕಡೆ ಎಲ್ರಿಗೂ ಗೊತ್ತುಂಟು, ಆದ್ರೂ ಹೊರಗಿನವರಿಗೋಸ್ಕರ ಒಮ್ಮೆ ಹೇಳ್ತೇನೆ. ಬಪ್ಪ ಬ್ಯಾರಿ ಅಂತ ಒಬ್ಬ ವ್ಯಾಪಾರಿ, ಕೇರಳದ ಕಡೆಯಿಂದ ಹಡಗಲ್ಲಿ ಸಾಮಾನು ತುಂಬಿಸಿಕೊಂಡು ಬಂದವ. ಶಾಂಭವಿ ಹೊಳೆಗೆ ಬಂದಾಗ ಅವನ ಹಡಗು ನಿಂತು ಬಿಡ್ತದೆ, ಮುಂದೆ ಹೋಗುದಿಲ್ಲ, ಹಿಂದೆ ಬರುದಿಲ್ಲ. ಕೆಲವರು ಹೇಳುದು ಹಡಗು ಎಂತದಕ್ಕೋ ತಾಗಿ ನೀರೆಲ್ಲ ಕೆಂಪಾಯ್ತು, ರಕ್ತ ಬಂತು ಅಂತ. ಅವತ್ತು ರಾತ್ರಿ ದೇವಿ ಅವನ ಕನಸಲ್ಲಿ ಬಂದು ನಾನಿಲ್ಲಿ ಇದ್ದೇನೆ, ನಂಗೊಂದು ಗುಡಿ ಕಟ್ಟಿಸು ಅಂತ ಹೇಳ್ತಾಳೆ. ಅವ ಮೂಲ್ಕಿ ಸೀಮೆಯ ಅರಸರ ಹತ್ರ ಹೋಗ್ತಾನೆ, ಸಾವಂತ ಅರಸರು ಜೈನರು, ಅವರು ಜಾಗ ಕೊಟ್ಟು ಸಹಾಯ ಮಾಡ್ತಾರೆ, ಗುಡಿ ಆಗ್ತದೆ. ಮುಸಲ್ಮಾನನ ಕನಸು, ಜೈನ ಅರಸನ ಜಾಗ, ದುರ್ಗೆಯ ಗುಡಿ. ಒಳಗೆ ದೇವಿ ಲಿಂಗರೂಪದಲ್ಲಿ ಇರುದು, ಮೂರ್ತಿ ನೋಡ್ಲಿಕ್ಕೆ ಅಂತ ಮೊದಲ ಸಲ ಹೋದವರು ಸ್ವಲ್ಪ ಹೊತ್ತು ಹುಡುಕ್ತಾರೆ.

ಇದು ಐತಿಹ್ಯ, ಶಾಸನ ಅಲ್ಲ. ಇತಿಹಾಸ ಅಂದ್ರೆ ದಾಖಲೆ ಬೇಕು ಅಂತ ಹೇಳುವವರು ಇದ್ದಾರೆ, ಬೇಕು ಕೂಡ. ಆದ್ರೆ ನಂಗೆ ಈ ಕತೆಯಲ್ಲಿ ದಾಖಲೆಗಿಂತ ಗಟ್ಟಿ ಅನ್ನಿಸುದು ಅದರೊಳಗಿನ ಲೋಕ. ಆ ಕತೆ ಕಟ್ಟಿದವರಿಗೆ ಕಡಲು ಗೊತ್ತಿತ್ತು, ಅಳಿವೆ ಬಾಗಿಲಲ್ಲಿ ಮರಳು ಹೇಗೆ ಕಟ್ಟುತ್ತದೆ, ಹಡಗು ಹೇಗೆ ಸಿಕ್ಕಿ ಬೀಳ್ತದೆ ಅಂತ ಗೊತ್ತಿತ್ತು. ಶಾಂಭವಿ ಮತ್ತೆ ನಂದಿನಿ ಎರಡೂ ಹೊಳೆ ಸಮುದ್ರ ಸೇರುವ ಜಾಗ ಇದು, ಈಗ ಅಲ್ಲಿ ಸರ್ಫಿಂಗ್ ಕಲೀಲಿಕ್ಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ, ಆದ್ರೆ ಒಂದು ಕಾಲದಲ್ಲಿ ಸಾಮಾನು ಏರಿಸಿ ಇಳಿಸುವ ಜಾಗ. "ಬ್ಯಾರಿ" ಅನ್ನುವ ಶಬ್ದವೇ ತುಳುವಿನ "ಬ್ಯಾರ"ದಿಂದ ಬಂದದ್ದು ಅಂತ ಹೇಳ್ತಾರೆ, ಬ್ಯಾರ ಅಂದ್ರೆ ವ್ಯಾಪಾರ. ಅವರ ಭಾಷೆಯಲ್ಲಿ ಮಲಯಾಳದ ಬೇರು, ತುಳುವಿನ ಸಹವಾಸ ಎರಡೂ ಉಂಟು. 2007ರಲ್ಲಿ ಆ ಭಾಷೆಗೆ ಸರ್ಕಾರದಿಂದ ಅಕಾಡೆಮಿ ಆಯ್ತು, ಆದ್ರೆ ಯಕ್ಷಗಾನದವರು ಅದಕ್ಕೆ ಎಷ್ಟೋ ಮೊದ್ಲೇ ಬಪ್ಪ ಬ್ಯಾರಿಯನ್ನ ರಂಗಸ್ಥಳಕ್ಕೆ ತಂದಿದ್ರು. ಲುಂಗಿ, ಬನಿಯನ್, ತಲೆಗೆ ಟೊಪ್ಪಿ ಹಾಕಿ ಬಪ್ಪ ಬ್ಯಾರಿ ಬಂದ ಅಂದ್ರೆ ನಿದ್ದೆ ಮಾಡ್ತಿದ್ದ ಮಕ್ಕಳೂ ಎದ್ದು ಕೂತ್ಕೊಳ್ತಿದ್ವು. ನಗಿಸ್ತಾನೆ, ನಗಿಸ್ತಾ ಇದ್ದವ ದೇವಿ ಎದುರು ಬಂದಾಗ ಮಾತಾಡದೆ ನಿಂತು ಬಿಡ್ತಾನೆ. ಗದ್ದೆಯಲ್ಲಿ ಚಾಪೆ ಹಾಕಿ ಕೂತಿದ್ದ ನನ್ನ ಅಜ್ಜಿ ಆ ಹೊತ್ತಿಗೆ ಸೆರಗಲ್ಲಿ ಕಣ್ಣು ಒರೆಸಿಕೊಂಡದ್ದು ನಂಗೆ ಈಗ್ಲೂ ನೆನಪುಂಟು.

ಜಾತ್ರೆ ಬರುದು ಮೀನ ಮಾಸದಲ್ಲಿ, ಮಾರ್ಚ್ ಕೊನೆಗೆ ಅಥವಾ ಏಪ್ರಿಲಿಗೆ. ನಾವು ತುಳುವಲ್ಲಿ ಆಯನ ಅಂತೇವೆ. ಪರೀಕ್ಷೆ ಮುಗಿದಿರ್ತದೆ, ಸೆಕೆ ಅಂದ್ರೆ ಸೆಕೆ, ಗೇರುಹಣ್ಣಿನ ವಾಸನೆ, ಮುಂಬೈಯಿಂದ ಊರಿನವರೆಲ್ಲ ಬಂದಿರ್ತಾರೆ. ನಮ್ಮ ಮನೆಗೆ ಮುಂಬೈಯಿಂದ ಮಾವ ಬರ್ತಿದ್ರು, ದೀಪಾವಳಿಗೆ ಬರದಿದ್ರೂ ಆಯನಕ್ಕೆ ರಜೆ ಹಾಕಿ ಬರ್ತಿದ್ರು. ಕೊಡಿ, ಅಂದ್ರೆ ಧ್ವಜ ಏರಿದ ದಿನದಿಂದ ಊರಿನ ಲೆಕ್ಕವೇ ಬೇರೆ, ದಿನಕ್ಕೊಂದು ಬಲಿ (ದೇವರನ್ನ ಹೊತ್ತು ಸುತ್ತು ಬರುದು), ಉತ್ಸವ, ಕೊನೆಗೆ ತೇರು, ಶಯನ, ಕವಾಟೋದ್ಘಾಟನೆ, ಓಕುಳಿ, ಅವಭೃತ. ತೇರಿನ ದಿನ ಸಸಿಹಿತ್ಲಿಂದ ಭಗವತಿ ಬರ್ತಾಳೆ. ಸಸಿಹಿತ್ಲು ಕಡಲ ಕರೆಯ ಊರು, ಅಲ್ಲಿಯ ಭಗವತಿಯರು ಬಂದು ಬಪ್ಪನಾಡಿನ ಅಮ್ಮನನ್ನ ಭೇಟಿ ಆಗುದು ಜಾತ್ರೆಯ ದೊಡ್ಡ ಗಳಿಗೆ. ನಮ್ಮಲ್ಲಿ ಭಗವತಿಯನ್ನ ನಂಬುವವರು ತೀಯ ಸಮಾಜದವರು, ಅವರ ಬೇರು ಕೂಡ ಕೇರಳದ ಕಡೆಯದ್ದೇ. ಅಂದ್ರೆ ದಕ್ಷಿಣದಿಂದ ಬಂದವ ಬಪ್ಪ ಬ್ಯಾರಿ ಒಬ್ಬನೇ ಅಲ್ಲ, ಕಡಲಲ್ಲಿ ಬಂದವರೆಲ್ಲ ಇಲ್ಲಿಯವರೇ ಆಗಿ ಹೋಗಿದ್ದಾರೆ.

ಜಾತ್ರೆಯ ಸಮಯ ಪ್ರಸಾದದ ಮೊದಲ ಪಾಲು ಬಪ್ಪ ಬ್ಯಾರಿಯ ಮನೆತನಕ್ಕೆ. ಪೇಪರಲ್ಲಿ ಪ್ರತಿ ವರ್ಷ ಇದನ್ನ "ಸೌಹಾರ್ದದ ಸಂಕೇತ" ಅಂತ ಬರೀತಾರೆ. ನಂಗೆ ಆ ಶಬ್ದ ಸಾಕಾಗುದಿಲ್ಲ. ಊರಲ್ಲಿ ಹಿರಿಯರು ಯಾರೂ ಇದಕ್ಕೆ ಸೌಹಾರ್ದ ಅಂತ ಹೇಳಿದ್ದು ನಾನು ಕೇಳಿಲ್ಲ, ಅವರು ಹೇಳುದು "ಮರ್ಯಾದೆ" ಅಂತ. ತುಳುನಾಡಲ್ಲಿ ಮರ್ಯಾದೆ ಅಂದ್ರೆ ಬರೀ ಗೌರವ ಅಲ್ಲ. ಯಾವ ಮನೆಗೆ ಮೊದ್ಲು ಪ್ರಸಾದ, ಯಾರ ಹೆಸರು ಕರೀಬೇಕು, ಯಾರು ಬಂದ ಮೇಲೆ ಕೋಲ ಶುರು ಆಗ್ಬೇಕು, ಇದೆಲ್ಲ ಒಂದೊಂದು ಮನೆಯ ಹಕ್ಕು, ಅದನ್ನ ಯಾರೂ ಒಳ್ಳೇ ಮನಸ್ಸು ಮಾಡಿ ಕೊಡುದಲ್ಲ, ಅದು ಅವರದ್ದೇ. ನಾನು ನಿನ್ನನ್ನ ಸಹಿಸ್ಕೊಳ್ತೇನೆ ಅನ್ನುದು ಒಂದು, ನಿನ್ನ ಪಾಲು ಕೊಡದೆ ನನ್ನ ಕೆಲಸ ಮುಂದೆ ಹೋಗುದಿಲ್ಲ ಅನ್ನುದು ಇನ್ನೊಂದು. ಬಪ್ಪನಾಡಲ್ಲಿ ಇರುದು ಎರಡನೆಯದ್ದು. ಈ ವ್ಯತ್ಯಾಸ ನಂಗೆ ಅರ್ಥ ಆಗ್ಲಿಕ್ಕೆ ನಲ್ವತ್ತು ವರ್ಷ ಬೇಕಾಯ್ತು.

ಇನ್ನು ಮಲ್ಲಿಗೆ. ಬಪ್ಪನಾಡಿನ ಶಯನಕ್ಕೆ ಮಲ್ಲಿಗೆ ಹೂ ಕೊಡ್ತೇನೆ ಅಂತ ಹರಕೆ ಹೇಳದ ಮನೆ ಮೂಲ್ಕಿ ಸುತ್ತಮುತ್ತ ಕಮ್ಮಿ. ಆ ದಿನ ಬೆಳಿಗ್ಗೆಯಿಂದ ಹೂವಿನ ಕಟ್ಟು ಹಿಡಿದ ಜನರ ಲೈನು, ರಾತ್ರಿಗೆ ನೋಡಿದ್ರೆ ಹೂವಿನ ರಾಶಿ ಬಿಟ್ಟು ಬೇರೆ ಎಂತದೂ ಕಾಣುದಿಲ್ಲ, ಅಮ್ಮ ಮಲಗುದೇ ಹೂವಿನೊಳಗೆ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಬರುವ ಆ ಪರಿಮಳ, ಸೆಕೆಗೆ ಸ್ವಲ್ಪ ಬಾಡಿ, ಸ್ವಲ್ಪ ಹುಳಿಯ ಹಾಗೆ ಆದ ಪರಿಮಳ, ಅದನ್ನ ನಾನು ಯಾವ ಅತ್ತರಲ್ಲೂ ಕಂಡಿಲ್ಲ.

ಈ ಹೂ ಎಲ್ಲಿಂದ ಬರ್ತದೆ ಅಂತ ಕೇಳಿ. ಶಂಕರಪುರ, ಶಿರ್ವ, ಬಂಟಕಲ್ಲು, ಬೆಳ್ಮಣ್ಣು ಈ ಕಡೆಯಿಂದ. ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್ ಸಿಕ್ಕಿದ ಹೂ ಇದೇ. ನನ್ನ ದೊಡ್ಡಮ್ಮನ ಮನೆ ಶಿರ್ವದ ಹತ್ರ, ಅಲ್ಲಿ ರಜೆಗೆ ಹೋದಾಗ ಬೆಳಕು ಹರಿಯುವ ಮೊದ್ಲು ಎಬ್ಬಿಸ್ತಿದ್ರು. ಮೊಗ್ಗು ಅರಳುವ ಮೊದ್ಲೇ ಕೊಯ್ಯಬೇಕು, ಬಿಸಿಲು ಬಿದ್ರೆ ಮುಗೀತು. ಬಾಳೆನಾರು ರಾತ್ರಿಯೇ ನೀರಲ್ಲಿ ನೆನೆಹಾಕಿರ್ತದೆ, ಅದನ್ನ ಉಗುರಲ್ಲಿ ಸೀಳಿ ಸಪೂರ ಮಾಡಿ, ಒಂದು ಕಡೆ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಮೊಗ್ಗುಗಳ ತೊಟ್ಟು ಒಂದಕ್ಕೊಂದು ಎದುರು ಬರುವ ಹಾಗೆ ಇಟ್ಟು ಒಂದು ಸುತ್ತು, ಒಂದು ಗಂಟು. ನಾನು ಹತ್ತು ಗಂಟು ಹಾಕುವಾಗ ದೊಡ್ಡಮ್ಮ ಒಂದು ಮೊಳ ಮುಗಿಸಿರ್ತಿದ್ರು, ಕೈ ನೋಡ್ತಾನೇ ಇರ್ಲಿಲ್ಲ ಅವರು, ಕಣ್ಣು ರಸ್ತೆ ಕಡೆ, ಹೂ ತಕ್ಕೊಂಡು ಹೋಗುವವ ಬರುವ ಹೊತ್ತಾಯ್ತು ಅಂತ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದ್ರೆ 3200 ಹೂ. ರೇಟು ಶಂಕರಪುರದಲ್ಲಿ ಆ ದಿನದ್ದು ಆ ದಿನ ಫಿಕ್ಸ್ ಆಗ್ತದೆ. ಚೆಂಡು ಬಾಳೆಎಲೆಯಲ್ಲಿ ಕಟ್ಟಿ ಬಸ್ಸಿಗೆ ಹಾಕಿ ಬಿಟ್ರೆ ಮಧ್ಯಾಹ್ನದೊಳಗೆ ಮಂಗಳೂರು.

ದೊಡ್ಡಮ್ಮನ ಬೇಲಿಯ ಆಚೆ ಕೊಂಕಣಿ ಕ್ರಿಶ್ಚಿಯನರ ಮನೆ, ಅವರದ್ದು ದೊಡ್ಡಮ್ಮನಿಗಿಂತ ದೊಡ್ಡ ತೋಟ. ಆ ಊರುಗಳಲ್ಲಿ ಮಲ್ಲಿಗೆ ಬೆಳೆಯುವವರಲ್ಲಿ ಕ್ರಿಶ್ಚಿಯನರ ಮನೆಗಳು ತುಂಬ. ಬೆಳಿಗ್ಗೆ ಪೂಜೆಗೆ ಇಗರ್ಜಿಗೆ ಹೋಗಿ ಬಂದು ಆ ಮನೆಯ ಬಾಯಮ್ಮ ಜಗಲಿಯಲ್ಲಿ ಕೂತು ಕಟ್ಟಿದ ಚೆಂಡು ಮೂಲ್ಕಿಯ ಬ್ಯಾರಿ ಹೆಸರಿನ ಕ್ಷೇತ್ರದಲ್ಲಿ ದುರ್ಗೆಯ ಮೈಮೇಲೆ ಬೀಳ್ತದೆ. ಅವರಿಗೆ ಅದು ಗೊತ್ತುಂಟಾ ಅಂತ ಒಮ್ಮೆ ಕೇಳಿದ್ದೆ. "ಗೊತ್ತುಂಟು ಮಗಾ, ಬಪ್ಪನಾಡಿನ ಶಯನ ಅಲ್ವಾ, ಆ ದಿನ ಒಳ್ಳೆ ರೇಟು ಸಿಗ್ತದೆ, ಸಣ್ಣ ಮೊಗ್ಗು ಹಾಕ್ಬಾರ್ದು" ಅಂದ್ರು. ಈ ಮಾತು ನಂಗೆ ಯಾವ ಭಾಷಣಕ್ಕಿಂತಲೂ ದೊಡ್ಡದು. ರೇಟೂ ಉಂಟು, ಸಣ್ಣ ಮೊಗ್ಗು ಹಾಕ್ಬಾರ್ದು ಅನ್ನುವ ನಿಯತ್ತೂ ಉಂಟು, ಎರಡೂ ಒಂದೇ ಉಸಿರಲ್ಲಿ.

ಇಷ್ಟು ಹೇಳಿ ಡೋಲಿನ ವಿಷಯ ಬಿಟ್ರೆ ತಪ್ಪಾಗ್ತದೆ. ಬಪ್ಪನಾಡಿನ ಡೋಲು ಅಂದ್ರೆ ಇಡೀ ತುಳುನಾಡಿಗೆ ಗೊತ್ತು, ಅಷ್ಟು ದೊಡ್ಡ ಡೋಲು, ಪೆಟ್ಟು ಬಿದ್ರೆ ಎದೆಯೊಳಗೆ ಕೇಳ್ತದೆ. ನಮ್ಮಲ್ಲಿ ಡೋಲು ಅಂದ ಕೂಡ್ಲೇ ನೆನಪಾಗುದು ಕೊರಗ ಸಮುದಾಯ. ಡೋಲು ಅವರದ್ದು, ಆ ತಾಳ ಅವರ ಕೈಯದ್ದು. ಆದ್ರೆ ಜಾತ್ರೆ, ಕಂಬಳ ಅಂತ ಎಲ್ಲ ಕಡೆ ಅವರು ಡೋಲು ಬಡಿದದ್ದು ಇಷ್ಟ ಇದ್ದು ಅಲ್ಲ, ಬಡೀಲೇಬೇಕು ಅಂತ ಮೇಲಿನವರು ಹಾಕಿದ ಬಿಟ್ಟಿ ಕೆಲಸ ಅದು. ಅಜಲು ಪದ್ಧತಿ ಅಂತ ಅದರ ಹೆಸರು, ಕೂದಲು, ಉಗುರು ಸೇರಿಸಿದ ಅನ್ನ ಕೊಟ್ಟು ನಮ್ಮ ಪಾಪ ಅವರ ಮೇಲೆ ಹಾಕುವ ಹೇಸಿಗೆ ಕೂಡ ಅದರಲ್ಲೇ ಬರ್ತದೆ. 2000ನೇ ಇಸವಿಯಲ್ಲಿ ಕರ್ನಾಟಕ ಸರ್ಕಾರ ಅಜಲು ನಿಷೇಧಕ್ಕೆ ಅಂತಲೇ ಕಾಯ್ದೆ ಮಾಡ್ಬೇಕಾಯ್ತು. 2000! ಅಂದ್ರೆ ನಾನು ಆಯನದಲ್ಲಿ ಐಸ್‌ಕ್ಯಾಂಡಿ ತಿಂತಾ ತಿರುಗುವ ಕಾಲದಲ್ಲಿ ಅದೆಲ್ಲ ನಡೀತಾನೇ ಇತ್ತು, ನಮಗೆ ಯಾರಿಗೂ ಅದು ಕಾಣ್ತಾನೇ ಇರ್ಲಿಲ್ಲ.

ಮೇಲೆ ಮರ್ಯಾದೆ, ಪಾಲು ಅಂತೆಲ್ಲ ಬರ್ದೆ ಅಲ್ವಾ, ಅದೇ ಲೆಕ್ಕದಲ್ಲಿ ಕೊರಗರಿಗೆ ಸಿಕ್ಕಿದ ಪಾಲು ಎಂತದು ಅಂತ ಕೇಳಿಕೊಳ್ಳದೆ ನಮ್ಮ ಜಾತ್ರೆಗಳೆಲ್ಲ ಎಲ್ಲರ ಜಾತ್ರೆ ಅಂತ ಹೇಳ್ಲಿಕ್ಕೆ ನಂಗೆ ಬಾಯಿ ಬರುದಿಲ್ಲ. ಕರಾವಳಿಯ ಹಳೇ ಬದುಕಲ್ಲಿ ಎಲ್ಲರಿಗೂ ಒಂದೊಂದು ಜಾಗ ಇತ್ತು ನಿಜ, ಆದ್ರೆ ಕೆಲವರ ಜಾಗ ಗದ್ದೆಯ ಹೊರಗೆ ಇತ್ತು. ಈಗ ಕೊರಗ ಹುಡುಗ ಹುಡುಗಿಯರು ಕಾಲೇಜು ವೇದಿಕೆಯಲ್ಲಿ ತಮ್ಮ ಇಷ್ಟಕ್ಕೆ ಗಜಮೇಳ, ಅಂದ್ರೆ ಡೋಲು ಬಾರಿಸಿ ಕುಣಿಯುದನ್ನ ನೋಡಿದ್ದೇನೆ. ಅದೇ ಡೋಲು, ಆದ್ರೆ ಬಾರಿಸುವ ಕೈಯಲ್ಲಿ ಬೇರೆಯೇ ಗತ್ತು.

ಮೂಲ್ಕಿ ಸಣ್ಣ ಊರು, ಪಟ್ಟಣ ಪಂಚಾಯತಿ ಅಷ್ಟೇ. ಆದ್ರೆ ಗೌಡ ಸಾರಸ್ವತ ಬ್ರಾಹ್ಮಣರ ವೆಂಕಟರಮಣ ದೇವಸ್ಥಾನದ ಪ್ರತಿಷ್ಠಾ ಹುಣ್ಣಿಮೆಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. 19ನೇ ಶತಮಾನದಲ್ಲಿ ಬಾಸೆಲ್ ಮಿಶನ್‌ನವರು ಬಂದು ಶಾಲೆ, ಚರ್ಚ್ ಕಟ್ಟಿದ ಊರು. ಪಡುಪಣಂಬೂರಲ್ಲಿ ಅರಸರ ಅರಮನೆ, ಅಲ್ಲಿ ಅರಸು ಕಂಬಳ. ಸಮುದ್ರದ ಬದಿಗೆ ಹೋದ್ರೆ ಬೊಬ್ಬರ್ಯ ಅನ್ನುವ ಕಡಲ ದೈವದ ಗುಂಡಗಳು, ಅಂದ್ರೆ ಸಣ್ಣ ಗುಡಿಗಳು, ಮೀನು ಹಿಡಿಯುವವರು ಕೈಮುಗಿದೇ ದೋಣಿ ಇಳಿಸುದು, ಬೊಬ್ಬರ್ಯ ಕೂಡ ಪಾಡ್ದನದಲ್ಲಿ, ಅಂದ್ರೆ ದೈವದ ಕತೆ ಹೇಳುವ ತುಳು ಹಾಡಲ್ಲಿ, ಬ್ಯಾರಿಯ ಮಗ. ಇಲ್ಲಿ ಮನೆಯೊಳಗೆ ಯಾರು ಕೊಂಕಣಿ ಮಾತಾಡ್ತಾರೋ, ಯಾರು ಬ್ಯಾರಿ ಭಾಷೆ ಮಾತಾಡ್ತಾರೋ, ಜಾತ್ರೆಯ ಸಂತೆಗೆ ಬಂದ್ರೆ ಎಲ್ಲರ ಚರ್ಚೆಯೂ ತುಳುವಲ್ಲಿ.

ಆ ಸಂತೆಯೇ ನಂಗೆ ಆಯನ. ದೇವರ ಬಲಿ, ತೇರು ಎಲ್ಲ ದೊಡ್ಡವರದ್ದು, ನಮಗೆ ಬೇಕಾದದ್ದು ಸಂತೆ. ಬಚ್ಚಂಗಾಯಿ ಗುಡ್ಡೆ ಹಾಕಿ ಒಂದನ್ನ ಕೊಯ್ದು ಕೆಂಪು ಕಾಣುವ ಹಾಗೆ ಇಟ್ಟಿರ್ತಾರೆ, ಚರುಮುರಿಯವನ ಡಬ್ಬದ ಟಕಟಕ, ಪೀಪಿ, ಬಲೂನು, ಕಬ್ಬಿನ ಹಾಲು, ಮಣ್ಣಿನ ಮಡಕೆ. ಅಜ್ಜಿ ಮಾತ್ರ ಸೀದ ಹೋಗುದು ಬಳೆ ಅಂಗಡಿಗೆ. ಪ್ರತಿ ವರ್ಷ ಒಂದೇ ಅಂಗಡಿ, ದೊಡ್ಡ ಆಲದ ಹಾಗೆ ಚಾಚಿದ ಟಾರ್ಪಲ್ ಅಡಿ ಬಿಳಿ ಟೊಪ್ಪಿಯ ಒಬ್ಬ ಬ್ಯಾರಿ ಕುಕ್ಕರಗಾಲಲ್ಲಿ ಕೂತಿರ್ತಿದ್ರು. ಅಜ್ಜಿಯ ಕೈ ಗದ್ದೆ ಕೆಲಸ ಮಾಡಿ ಗಟ್ಟಿಯಾದ ಕೈ, ಗಾಜಿನ ಬಳೆ ಏರಿಸುದು ಸುಲಭ ಅಲ್ಲ. ಅವರು ಅಳತೆ ಕೇಳ್ತಾನೇ ಇರ್ಲಿಲ್ಲ. ಕೈ ಹಿಡಿದು, ಬೆರಳುಗಳನ್ನ ಒಟ್ಟು ಮಾಡಿ, ಹೆಬ್ಬೆರಳ ಬುಡದ ಮೂಳೆಯನ್ನ ಒಳಗೆ ಒತ್ತಿ ನೋಡಿ, "ಎರಡು-ಆರು" ಅಂತ ತನ್ನಷ್ಟಕ್ಕೆ ಹೇಳಿ ಕಟ್ಟು ಬಿಚ್ತಿದ್ರು. ಸ್ವಲ್ಪ ತೆಂಗಿನೆಣ್ಣೆ, ಒಂದು ತಿರುಗು, ಬಳೆ ಒಳಗೆ. ಹನ್ನೆರಡು ಬಳೆ ಹಾಕುವಷ್ಟರಲ್ಲಿ ಮಳೆ, ಅಡಿಕೆ ರೇಟು, ಯಾರ ಮನೆ ಮಗಳಿಗೆ ಮದುವೆ ಎಲ್ಲ ಮಾತಾಡಿ ಆಗ್ತಿತ್ತು. ಅಜ್ಜಿಯ ಕೈಯಲ್ಲಿ ಒಂದು ಬಳೆಯೂ ಒಡೆದದ್ದು ನಾನು ನೋಡಿಲ್ಲ. ಅಜ್ಜ ತೀರಿಕೊಂಡ ವರ್ಷ ಅಜ್ಜಿ ಅಂಗಡಿಗೆ ಹೋಗ್ಲಿಲ್ಲ, ಆದ್ರೆ ದೂರದಿಂದ ನೋಡಿದ ಅವರು ಎದ್ದು ಬಂದು ನನ್ನ ಕೈಗೆ ನಾಲ್ಕು ಬಳೆ ಹಾಕಿ ದುಡ್ಡು ತಕ್ಕೊಳ್ಳದೆ ಹೋದ್ರು, ಅಜ್ಜಿಯ ಹತ್ರ ಎಂತದೂ ಮಾತಾಡ್ಲಿಲ್ಲ.

2022ರ ಮಾರ್ಚಲ್ಲಿ ನಾನು ಬೆಂಗಳೂರಲ್ಲಿದ್ದೆ. ಹಿಜಾಬ್ ಗಲಾಟೆ ಆಗಿ, ಹೈಕೋರ್ಟ್ ತೀರ್ಪು ಬಂದು, ಬಂದ್ ಆಗಿ, ಅದರ ಹಿಂದೆಯೇ ಕರಾವಳಿಯ ಒಂದೊಂದೇ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗ ಇಲ್ಲ ಅನ್ನುವ ಬ್ಯಾನರ್ ಬೀಳ್ಲಿಕ್ಕೆ ಶುರು ಆಯ್ತು. ಕಾಪುವಿನ ಮಾರಿಪೂಜೆಯ ಸುದ್ದಿ ಬಂತು. ಆಮೇಲೆ ಒಂದು ದಿನ ವಾಟ್ಸಾಪಲ್ಲಿ ಬಂದ ಫೋಟೊ ದೊಡ್ಡದು ಮಾಡಿ ನೋಡಿದ್ರೆ ಬಪ್ಪನಾಡು. ನಂಬ್ಲಿಕ್ಕೆ ಆಗ್ಲಿಲ್ಲ. ಬಪ್ಪ ಬ್ಯಾರಿಯ ಹೆಸರಿನ ಜಾತ್ರೆಯಲ್ಲಿ ಬ್ಯಾರಿಗೆ ಅಂಗಡಿ ಇಲ್ಲ! ಆ ದಿನ ಆಫೀಸಲ್ಲಿ ಕೂತು ಕೆಲಸ ಮಾಡ್ಲಿಕ್ಕೇ ಆಗ್ಲಿಲ್ಲ ನಂಗೆ, ಅಮ್ಮನಿಗೆ ಫೋನ್ ಮಾಡಿದೆ, ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು "ಬಳೆಯವರು ಈ ಸಲ ಬರುದಿಲ್ವಂತೆ" ಅಂತ ಅಷ್ಟೇ ಹೇಳಿದ್ರು.

ಆಗ ವಿಧಾನಸಭೆಯಲ್ಲೂ ಚರ್ಚೆ ಆಯ್ತು, 2002ರ ಧರ್ಮಾದಾಯ ದತ್ತಿ ನಿಯಮಗಳಲ್ಲಿ ದೇವಸ್ಥಾನದ ಹತ್ರದ ಆಸ್ತಿಯನ್ನ ಹಿಂದೂಗಳಲ್ಲದವರಿಗೆ ಲೀಸಿಗೆ ಕೊಡ್ಬಾರ್ದು ಅಂತ ಉಂಟು ಅಂತ ತೋರಿಸಿದ್ರು. ನಿಯಮ ಇರಬಹುದು. ಆದ್ರೆ ನಮ್ಮ ಕಡೆ ಜಾತ್ರೆಗಳು ಆ ನಿಯಮಕ್ಕಿಂತ ಎಷ್ಟೋ ತಲೆಮಾರು ಹಳತು, ಮತ್ತೆ ಬಪ್ಪನಾಡಿನ ಕತೆಯಲ್ಲಿ ದೇವಿ ಕನಸಲ್ಲಿ ಬಂದದ್ದೇ ಒಬ್ಬ ವ್ಯಾಪಾರಿಗೆ. ಅವ ಸಾಧು ಅಲ್ಲ, ಸೂಫಿಯೂ ಅಲ್ಲ. ಸಾಮಾನು ತಕ್ಕೊಂಡು ಮಾರ್ಲಿಕ್ಕೆ ಬಂದವ. ಇಲ್ಲಿ ದೇವಿ ಬೇರೆ, ಸಂತೆ ಬೇರೆ ಅಲ್ವೇ ಅಲ್ಲ, ಸಂತೆಗೆ ಬಂದವನ ಕೈಯಲ್ಲೇ ಗುಡಿ ಆದದ್ದು. ಪ್ರಸಾದ ಮಾತ್ರ ಬ್ಯಾರಿ ಮನೆಗೆ ಕೊಟ್ಟು ಅಂಗಡಿ ಕೊಡುದಿಲ್ಲ ಅಂದ್ರೆ ಅದು ಹೂ ಇಟ್ಟುಕೊಂಡು ನಾರು ಬಿಸಾಡಿದ ಹಾಗೆ, ಕೈಯಲ್ಲಿ ಬಿಡಿ ಹೂ ಉಳೀತದೆ, ಸಂಜೆಗೆ ಅದೂ ಇಲ್ಲ.

ನನ್ನ ಜೊತೆ ಓದಿದವರೇ ಕೆಲವರು ಆ ಬ್ಯಾನರ್ ಸರಿ ಅಂದ್ರು. ಅವರ ಜೊತೆ ಜಗಳ ಆಡಿದೆ, ಎರಡು ಗ್ರೂಪಿಂದ ಹೊರಗೆ ಬಂದೆ, ಒಬ್ಬಳ ಜೊತೆ ಇನ್ನೂ ಮಾತಿಲ್ಲ. ಅವಳ ಅಮ್ಮನೂ ಅದೇ ಅಂಗಡಿಯಲ್ಲಿ ಬಳೆ ಹಾಕಿಸಿಕೊಳ್ತಿದ್ರು, ನಾವಿಬ್ರೂ ಆ ಟಾರ್ಪಲ್ ಅಡಿ ಒಡೆದ ಗಾಜಿನ ಚೂರು ಹೆಕ್ತಿದ್ವಿ. ಅದನ್ನ ನೆನೆಸಿದಾಗ ನಂಗೆ ಸಿಟ್ಟಿಗಿಂತ ಹೆಚ್ಚು ಬೇಜಾರಾಗ್ತದೆ.

2025ರ ಏಪ್ರಿಲ್ ಜಾತ್ರೆಯಲ್ಲಿ ರಾತ್ರಿ ತೇರು ಎಳೆಯುವಾಗ ಬ್ರಹ್ಮರಥದ ಮೇಲ್ಭಾಗ ಕುಸಿದು ಬಿತ್ತು. ವಿಡಿಯೋ ನೋಡಿದವರಿಗೆ ಗೊತ್ತು, ಬಣ್ಣಬಣ್ಣದ ಪತಾಕೆಗಳ ಆ ದೊಡ್ಡ ಗೋಪುರ ವಾಲಿ ವಾಲಿ ಬಂದು ಬಿದ್ದದ್ದು. ಯಾರಿಗೂ ಏನೂ ಆಗ್ಲಿಲ್ಲ, ಅಮ್ಮ ಕಾಪಾಡಿದ್ಲು ಅಂತ ಎಲ್ರೂ ಹೇಳಿದ್ರು, ನಾನೂ ಹೇಳಿದೆ. ಅವತ್ತು ನಂಗೆ ಮೊದ್ಲು ಬಂದ ಮೆಸೇಜ್ ದುಬೈಯಿಂದ, ನಮ್ಮ ಶಾಲೆಯಲ್ಲಿ ಓದಿದ ಬ್ಯಾರಿ ಹುಡುಗನದ್ದು, "ತೇರ್ ಬೂರ್ಂಡ್ ಗೆ, ಇಲ್ಲದಕುಲು ಮಾತೆರ್ಲಾ ಉಷಾರುಲ್ಲೆರಾ" ಅಂತ. ತೇರು ಬಿತ್ತಂತೆ, ಮನೆಯವರೆಲ್ಲ ಹುಷಾರಿದ್ದಾರಾ.

ಅದಕ್ಕಿಂತ ಒಂದು ವರ್ಷ ಮೊದ್ಲು ಮಗಳನ್ನ ಕರ್ಕೊಂಡು ಹೋಗಿದ್ದೆ. ದೇವಸ್ಥಾನದ ಒಳಗೆ ಹೋಗಿ ಹೂ ಕೊಟ್ಟು ಬಂದು, ಬಿಸಿಲಲ್ಲಿ ಸಂತೆ ಸುತ್ತಿದ್ವಿ. ದೇವಸ್ಥಾನದ ಹತ್ರ ಇರ್ತಿದ್ದ ಆ ಟಾರ್ಪಲ್ ಕಾಣ್ಲಿಲ್ಲ. ಹೆದ್ದಾರಿ ಬದಿಗೆ, ಪೇಟೆ ಕಡೆ ನಡೆದು ಹೋದ್ರೆ ಒಂದು ತಳ್ಳುಗಾಡಿಯಲ್ಲಿ ಬಳೆ, ಹಿಂದೆ ಮೂವತ್ತರ ಒಬ್ಬ ಹುಡುಗ. ನಿಂತೆ. ನೀವು ಇಲ್ಲಿಯವರಾ ಅಂತ ತುಳುವಲ್ಲಿ ಕೇಳಿದ, ಹೌದು, ಕಾರ್ನಾಡು ಕಡೆ ಅಂದೆ. ಮೊದ್ಲು ಅಲ್ಲಿ ಆಲದ ಹಾಗೆ ಒಂದು ದೊಡ್ಡ ಅಂಗಡಿ ಇರ್ತಿತ್ತಲ್ಲ ಅಂತ ನಾನು ಕೇಳಿದ್ದಕ್ಕೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ "ಅದು ನಮ್ಮ ಅಜ್ಜನದ್ದು" ಅಂದ.

ಮಗಳು ಅಷ್ಟರಲ್ಲಿ ಹಸಿರು ಬಳೆಗಳ ಮೇಲೆ ಕೈ ಇಟ್ಟಾಗಿತ್ತು. ಅವ ಅಳತೆ ಕೇಳ್ಲಿಲ್ಲ. ಅವಳ ಬೆರಳುಗಳನ್ನ ಒಟ್ಟು ಮಾಡಿ, ಹೆಬ್ಬೆರಳ ಬುಡ ಒತ್ತಿ ನೋಡಿ, "ಎರಡು-ಎರಡು" ಅಂತ ತನ್ನಷ್ಟಕ್ಕೆ ಹೇಳಿ ಕಟ್ಟು ಬಿಚ್ಚಿದ.